ಲೋಂಗೇವಾಲಾದ ಆ ರಾತ್ರಿ ಮತ್ತು ಆ ಬೆಳಗು

ಭಾನುವಾರ: ಜೋಧ್‌ಪುರದಿಂದ ಜೈಸಲ್ಮೇರ್

1971ರ ಡಿಸೆಂಬರ್ 4ರ ರಾತ್ರಿಯಿಂದ 5ರ ಹಗಲಿನವರೆಗೆ ರಾಜಸ್ಥಾನದ ಗಡಿಯ ಲೋಂಗೇವಾಲಾ ಠಾಣೆಯಲ್ಲಿ ಭಾರತ ಮತ್ತು ಪಾಕಿಸ್ತಾನದ ನಡುವೆ ನಡೆದ ಕದನದ ಹೆಸರನ್ನು ಕೇಳದವರು ನಮ್ಮಲ್ಲಿ ಕಡಿಮೆ. ಆದರೆ ಕೇಳಿದವರಲ್ಲಿ ಬಹುಪಾಲು ಜನ ಅದನ್ನು ಅರಿತಿರುವುದು 1997ರಲ್ಲಿ ತೆರೆಕಂಡ ‘ಬಾರ್ಡರ್’ ಎಂಬ ಹಿಂದಿ ಚಿತ್ರದಿಂದ. ಶಾಲೆಯಲ್ಲಿ ಇತಿಹಾಸ ಕಲಿಸುವ ನನಗೆ ಮಕ್ಕಳಿಂದ ಎದುರಾಗುವ ಪ್ರಶ್ನೆಗಳೂ ಆ ಚಿತ್ರದಿಂದಲೇ ಹುಟ್ಟಿದವು: ಠಾಣೆಯಲ್ಲಿದ್ದವರೆಲ್ಲ ಸತ್ತುಹೋದರೇ, ಒಬ್ಬೊಬ್ಬರು ಎಷ್ಟೆಷ್ಟು ಟ್ಯಾಂಕ್ ಒಡೆದರು, ವಿಮಾನಗಳು ಬೆಳಗಿನವರೆಗೆ ಏಕೆ ಬರಲಿಲ್ಲ? ಮೊದಲ ಎರಡು ಪ್ರಶ್ನೆಗಳು ಚಿತ್ರ ಕಟ್ಟಿಕೊಟ್ಟ ಕಲ್ಪನೆಯನ್ನೇ ಆಧರಿಸಿವೆ. ಮೂರನೆಯದು ನಿಜಕ್ಕೂ ಒಳ್ಳೆಯ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಕೊಡಬೇಕೆಂದರೆ ಕದನವನ್ನು ರಾತ್ರಿ ಮತ್ತು ಹಗಲು ಎಂದು ಬೇರ್ಪಡಿಸಿ ನೋಡಬೇಕಾಗುತ್ತದೆ. ನೆಲವನ್ನು ಕಣ್ಣಾರೆ ಕಾಣದೆ ಅದು ಸಾಧ್ಯವಿಲ್ಲ ಎಂಬ ನಂಬಿಕೆಯಿಂದ ಈ ಚಳಿಗಾಲದಲ್ಲಿ ಹೊರಟೆ.

ಜೊತೆಗೆ ನನ್ನ ಚಿಕ್ಕಪ್ಪ ಬಂದಿದ್ದರು. ಅವರು ಬೆಂಗಳೂರಿನ ಎಚ್‌.ಎ.ಎಲ್‌. ಕಾರ್ಖಾನೆಯಲ್ಲಿ ಮಾರುತ್ ಯುದ್ಧವಿಮಾನದ ಜೋಡಣೆಯ ವಿಭಾಗಕ್ಕೆ ಎಳೆಯ ವಯಸ್ಸಿನಲ್ಲಿ ಸೇರಿ, ಅದೇ ಸಂಸ್ಥೆಯಲ್ಲಿ ನಿವೃತ್ತರಾದವರು. ಲೋಂಗೇವಾಲಾದಲ್ಲಿ ಶತ್ರುವಿನ ಟ್ಯಾಂಕುಗಳನ್ನು ಮುಗಿಸಿದ್ದು ಮಾರುತ್‌ಗಳೇ ಎಂದು ಅವರ ವಿಭಾಗದಲ್ಲಿ ಎಲ್ಲರೂ ಹೇಳಿಕೊಳ್ಳುತ್ತಿದ್ದರಂತೆ. ಈಗಲೂ ಬಡಾವಣೆಯ ಶಾಲೆಗಳಲ್ಲಿ ಗಣರಾಜ್ಯೋತ್ಸವಕ್ಕೆ ಅವರನ್ನು ಕರೆದಾಗ ಅವರು ಮಾಡುವ ಭಾಷಣದಲ್ಲಿ ಆ ಮಾತು ತಪ್ಪದೆ ಬರುತ್ತದೆ. ಹೀಗಾಗಿ ಪರಿಶೀಲಿಸಬೇಕಾದ ದಂತಕಥೆಗಳ ಸಾಲಿನಲ್ಲಿ ನಮ್ಮ ಮನೆಯದೂ ಒಂದು ಸೇರಿಕೊಂಡಿತ್ತು.

ಜೋಧ್‌ಪುರದಿಂದ ಪೋಖರಣ್ ಮಾರ್ಗವಾಗಿ ಬಂದು, ಜೈಸಲ್ಮೇರ್ ಊರಿಗೆ ಇನ್ನೂ ಕೆಲವು ಕಿಲೋಮೀಟರ್ ಇರುವಾಗಲೇ ಹೆದ್ದಾರಿಯ ಪಕ್ಕದಲ್ಲಿರುವ ಸೇನೆಯ ಯುದ್ಧ ಸಂಗ್ರಹಾಲಯಕ್ಕೆ ಇಳಿದೆವು. 2015ರಲ್ಲಿ ತೆರೆದ ಈ ಸಂಗ್ರಹಾಲಯದಲ್ಲಿ ಲೋಂಗೇವಾಲಾಕ್ಕೆಂದೇ ಒಂದು ಪ್ರತ್ಯೇಕ ಸಭಾಂಗಣವಿದೆ. ಹೊರಗಿನ ಅಂಗಳದಲ್ಲಿ ವಶಪಡಿಸಿಕೊಂಡ ಟ್ಯಾಂಕುಗಳ ಜೊತೆಗೆ ವಾಯುಪಡೆಯ ಒಂದು ಹಂಟರ್ ವಿಮಾನವನ್ನು ನಿಲ್ಲಿಸಿದ್ದಾರೆ. ಚಿಕ್ಕಪ್ಪ ಹಂಟರ್‌ನ ಮೂಗಿನ ಕೆಳಗಿನ ನಾಲ್ಕು 30 ಮಿಲಿಮೀಟರ್ ಫಿರಂಗಿಗಳ ಬಾಯಿಗಳನ್ನು ಬಹಳ ಹೊತ್ತು ನೋಡಿ, “ಒಳ್ಳೆಯ ವಿಮಾನ, ಇಲ್ಲ ಎನ್ನುವುದಿಲ್ಲ. ಆದರೆ ಇದರ ಪಕ್ಕದಲ್ಲಿ ನಮ್ಮದೂ ಒಂದು ಇರಬೇಕಿತ್ತಮ್ಮ” ಎಂದರು. ಆ ಮಾತಿನಲ್ಲಿ ಎಷ್ಟು ನ್ಯಾಯವಿದೆ ಎಂಬುದನ್ನು ಬಾಡ್ಮೇರ್ ಕಡೆ ಹೋದಾಗ ನೋಡೋಣವೆಂದು ಹೇಳಿದೆ.

ಸಭಾಂಗಣದ ನಕ್ಷೆಯ ಮುಂದೆ ನಿಂತಾಗ ಸ್ಪಷ್ಟವಾಗುವ ಮೊದಲ ಸಂಗತಿಯೆಂದರೆ, ಲೋಂಗೇವಾಲಾ ಯಾರ ಯೋಜನೆಯಲ್ಲೂ ದೊಡ್ಡ ಯುದ್ಧದ ಸ್ಥಳವಾಗಿರಲಿಲ್ಲ ಎಂಬುದು. ಮೇಜರ್ ಜನರಲ್ ಖಂಬಾಟಾ ಅವರ ಕೈಕೆಳಗಿದ್ದ ಭಾರತದ 12ನೇ ಪದಾತಿ ಡಿವಿಷನ್ ತಾನೇ ಗಡಿ ದಾಟಿ ಪಾಕಿಸ್ತಾನದ ರಹೀಮ್‌ಯಾರ್ ಖಾನ್ ದಿಕ್ಕಿಗೆ ಮುನ್ನುಗ್ಗಲು ಸಜ್ಜಾಗುತ್ತಿತ್ತು. ಆದ್ದರಿಂದ ಲೋಂಗೇವಾಲಾದಂಥ ಠಾಣೆಗಳಲ್ಲಿ ಉಳಿದಿದ್ದುದು ತೆಳುವಾದ ಕಾವಲು ಮಾತ್ರ. ಅದೇ ಹೊತ್ತಿನಲ್ಲಿ ಪಾಕಿಸ್ತಾನದ 18ನೇ ಡಿವಿಷನ್ ಆ ಕಡೆಯಿಂದ ಲೋಂಗೇವಾಲಾ, ರಾಮ್‌ಗಢಗಳ ಮೂಲಕ ಜೈಸಲ್ಮೇರ್‌ನ ವಾಯುನೆಲೆಯತ್ತ ನುಗ್ಗುವ ಯೋಜನೆ ಹಾಕಿತು. ಬೆಳಗಿನ ತಿಂಡಿ ಲೋಂಗೇವಾಲಾದಲ್ಲಿ, ಮಧ್ಯಾಹ್ನದ ಊಟ ರಾಮ್‌ಗಢದಲ್ಲಿ, ರಾತ್ರಿಯೂಟ ಜೈಸಲ್ಮೇರ್‌ನಲ್ಲಿ ಎಂದು ಆ ಕಡೆಯ ಸೇನಾಧಿಕಾರಿ ಹೇಳಿದನೆಂಬ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಅಂಥ ಮಾತು ಆಡದಿದ್ದರೂ ವ್ಯತ್ಯಾಸವೇನಿಲ್ಲ. ಗುರಿ ಆ ದಿಕ್ಕಿನಲ್ಲೇ ಇತ್ತು. ಯುದ್ಧದ ನಂತರ ಪಾಕಿಸ್ತಾನವೇ ನೇಮಿಸಿದ ಹಮೂದುರ್ ರಹಮಾನ್ ಆಯೋಗವು ರಾಮ್‌ಗಢವನ್ನು ಹಿಡಿಯುವ ಈ ಯೋಜನೆ ಸೈನಿಕ ದೃಷ್ಟಿಯಿಂದ ಅವಿವೇಕದ್ದೆಂದೂ, ಅವಸರದಲ್ಲಿ ಹೇಗೆ ಹೇಗೋ ರೂಪಿಸಿದ್ದೆಂದೂ, ಅದರಿಂದ ಮರುಭೂಮಿಯಲ್ಲಿ ಅಪಾರ ವಾಹನ ಮತ್ತು ಸಾಮಗ್ರಿ ನಷ್ಟವಾಯಿತೆಂದೂ ಹೇಳಿ, ಆ ಡಿವಿಷನ್ನಿನ ಮೇಜರ್ ಜನರಲ್ ಬಿ.ಎಂ. ಮುಸ್ತಫಾ ಅವರನ್ನು ಹೊಣೆ ಮಾಡಿತು. ಸೋತವರ ಕಡೆಯ ಈ ಸಾಕ್ಷ್ಯವನ್ನು ನಮ್ಮ ಕಡೆಯ ಯಾವ ಹೊಗಳಿಕೆಗಿಂತಲೂ ನಾನು ಹೆಚ್ಚು ಬೆಲೆಯುಳ್ಳದ್ದೆಂದು ಭಾವಿಸುತ್ತೇನೆ.

ಸೋಮವಾರ: ರಾಮ್‌ಗಢ ಮತ್ತು ತನೋಟ್

ಜೈಸಲ್ಮೇರ್‌ನಿಂದ ವಾಯವ್ಯಕ್ಕೆ ರಾಮ್‌ಗಢದವರೆಗೆ ಅರುವತ್ತು ಕಿಲೋಮೀಟರ್‌ಗೂ ಮಿಕ್ಕ ದಾರಿ. ಇಕ್ಕೆಲಗಳಲ್ಲಿ ಗಾಳಿಯಂತ್ರಗಳ ಸಾಲು, ರಾಮ್‌ಗಢದಲ್ಲಿ ಅನಿಲದಿಂದ ನಡೆಯುವ ವಿದ್ಯುತ್ ಕೇಂದ್ರ, ಇಂದಿರಾ ಗಾಂಧಿ ಕಾಲುವೆಯ ನೀರಿನಿಂದ ಹಸಿರಾದ ಹೊಲದ ಪಟ್ಟಿಗಳು ಕಾಣುತ್ತವೆ. ಇವಾವುದೂ 1971ರಲ್ಲಿ ಇರಲಿಲ್ಲವೆಂಬುದನ್ನು ನೆನಪಿಡಬೇಕು. ಅಂದು ಇಲ್ಲಿದ್ದುದು ಕೆಲವೇ ಕಚ್ಚಾ ದಾರಿಗಳು, ಅಲ್ಲೊಂದು ಇಲ್ಲೊಂದು ಬಾವಿ, ಎಕ್ಕದ ಪೊದೆ ಮತ್ತು ನಮ್ಮ ಬನ್ನಿಯೇ ಆದ ಖೇಜಡಿ ಮರ. ಟ್ಯಾಂಕುಗಳ ಸಾಲೊಂದು ಈ ನೆಲದಲ್ಲಿ ಗಂಟೆಗೆ ಎಷ್ಟು ದೂರ ಸಾಗಬಲ್ಲದು ಎಂಬ ಲೆಕ್ಕಾಚಾರವನ್ನು ಇಂದಿನ ಡಾಂಬರು ರಸ್ತೆಯಲ್ಲಿ ಕುಳಿತು ಮಾಡಿದರೆ ಎಲ್ಲವೂ ತಪ್ಪಾಗುತ್ತದೆ.

ತನೋಟ್ ಮಾತೆಯ ಗುಡಿಯ ಬಗ್ಗೆ ನಮ್ಮ ಚಾಲಕ ದಾರಿಯುದ್ದಕ್ಕೂ ಭಕ್ತಿಯಿಂದ ಹೇಳುತ್ತಿದ್ದ. 1965ರ ಯುದ್ಧದಲ್ಲಿ ಶತ್ರುಗಳು ಈ ಪ್ರದೇಶದ ಮೇಲೆ ಸುಮಾರು 3,000 ಗುಂಡುಗಳನ್ನು ಹಾರಿಸಿದರೆಂದೂ, ಗುಡಿಯ ಆವರಣದಲ್ಲಿ ಬಿದ್ದ ಸುಮಾರು 450 ಗುಂಡುಗಳಲ್ಲಿ ಒಂದೂ ಸಿಡಿಯಲಿಲ್ಲವೆಂದೂ ಇಲ್ಲಿನ ಪ್ರತೀತಿ. ಸಿಡಿಯದ ಕೆಲವು ಶೆಲ್‌ಗಳನ್ನು ಗುಡಿಯೊಳಗೆ ಗಾಜಿನ ಹಿಂದೆ ಜೋಡಿಸಿಟ್ಟಿದ್ದಾರೆ. ಶೆಲ್‌ಗಳು ನಿಜ, ಅವು ಸಿಡಿದಿಲ್ಲ ಎಂಬುದೂ ಕಣ್ಣಿಗೆ ಕಾಣುವ ಸತ್ಯ. ಬಡಿದ ಕ್ಷಣದಲ್ಲಿ ಕಿಡಿ ಹೊತ್ತಬೇಕಾದ ಫ್ಯೂಸ್ ಸಡಿಲವಾದ ಮರಳಿಗೆ ಬಿದ್ದಾಗ ಕೆಲಸ ಮಾಡದೆ ಹೋಗುವುದು ತೋಪಿನವರಿಗೆ ಗೊತ್ತಿರುವ ಸಂಗತಿ. ಆದರೆ ಗುಡಿಯ ಮುಂದೆ ಕೈಮುಗಿದು ನಿಂತಿದ್ದ ಯುವ ಸೈನಿಕನಿಗೆ ಫ್ಯೂಸಿನ ಪಾಠ ಹೇಳುವ ಅಗತ್ಯ ನನಗೆ ಕಾಣಲಿಲ್ಲ. ನಂಬಿಕೆ ಅವನದು, ಅದು ಯಾರ ಪಾಲಿನ ಶ್ರೇಯಸ್ಸನ್ನೂ ಕಸಿಯುವುದಿಲ್ಲ.

ಕಸಿಯುವಂಥದ್ದು ಬೇರೊಂದು ಇದೆ. ಗುಡಿಯ ಪೂಜೆ ಮತ್ತು ನಿರ್ವಹಣೆ ಈಗ ಗಡಿ ಭದ್ರತಾ ಪಡೆಯದಾದ್ದರಿಂದ, 1965ರಲ್ಲಿ ತನೋಟನ್ನು ಉಳಿಸಿದವರೂ ಅದೇ ಪಡೆಯವರೆಂದು ಯಾತ್ರಿಕರು ಸಹಜವಾಗಿ ತಿಳಿಯುತ್ತಾರೆ. ಗಡಿ ಭದ್ರತಾ ಪಡೆ ಸ್ಥಾಪನೆಯಾದದ್ದು 1965ರ ಡಿಸೆಂಬರ್ 1ರಂದು. ತನೋಟಿನ ಕಾದಾಟ ಅದಕ್ಕಿಂತ ಮುಂಚಿನದು. ಆಗ ಇಲ್ಲಿ ನಿಂತವರು ಸೇನೆಯ 13 ಗ್ರೆನೇಡಿಯರ್ಸ್ ಮತ್ತು ರಾಜಸ್ಥಾನದ ಸಶಸ್ತ್ರ ಪೊಲೀಸರು. ಹೆಸರು ಹೊತ್ತವರಿಗಿಂತ ಹೆಸರು ಕಳೆದುಕೊಂಡವರ ಬಗ್ಗೆ ನನಗೆ ಕಾಳಜಿ ಹೆಚ್ಚು. ಆ ಪೊಲೀಸರ ನೆನಪಿಗೆ ಗೌರವ ಸಲ್ಲಿಸಲು ಒಂದು ದಿನಾಂಕವನ್ನು ಸರಿಯಾಗಿ ಹೇಳಿದರೆ ಸಾಕು.

ಗುಡಿಯ ಆವರಣದಲ್ಲೇ ಲೋಂಗೇವಾಲಾ ಗೆಲುವಿನ ನೆನಪಿನ ವಿಜಯಸ್ತಂಭವಿದೆ. ಸಂಜೆ ಹೊತ್ತಿಗೆ ರಾಮ್‌ಗಢಕ್ಕೆ ಮರಳಿ ಉಳಿದುಕೊಂಡೆವು.

ಮಂಗಳವಾರ: ಲೋಂಗೇವಾಲಾ

ರಸ್ತೆ ಒಂದು ತಿರುವು ಪಡೆದ ಕೂಡಲೇ ಟ್ಯಾಂಕು ಕಾಣುತ್ತದೆ. ಚೀನಾದಲ್ಲಿ ತಯಾರಾದ ಟೈಪ್ 59, ಸುಮಾರು 36 ಟನ್ ತೂಕ, 100 ಮಿಲಿಮೀಟರ್ ಫಿರಂಗಿ, ನಾಲ್ವರು ಸಿಬ್ಬಂದಿ. ಸ್ಮಾರಕದ ಅಂಗಳದಲ್ಲಿ ಇಂಥ ಟ್ಯಾಂಕುಗಳನ್ನೂ, ಎರಡನೆಯ ಮಹಾಯುದ್ಧ ಕಾಲದ ಒಂದು ಶರ್ಮನ್ ಟ್ಯಾಂಕನ್ನೂ, ಜೀಪಿನ ಮೇಲೆ ಕೂರಿಸಿದ ಆರ್.ಸಿ.ಎಲ್. (ರಿಕಾಯಿಲ್‌ಲೆಸ್, ಅಂದರೆ ಹಾರಿಸಿದಾಗ ಹಿಂದಕ್ಕೆ ಒದೆಯದ) ತೋಪನ್ನೂ ಇಟ್ಟಿದ್ದಾರೆ, ಮರಳುಚೀಲಗಳ ಬಂಕರುಗಳನ್ನು ಅಂದಿದ್ದಂತೆಯೇ ಮತ್ತೆ ಕಟ್ಟಿ ತೋರಿಸಿದ್ದಾರೆ. ಕಿರುಚಿತ್ರವೊಂದನ್ನೂ ತೋರಿಸುತ್ತಾರೆ. ಎಲ್ಲವನ್ನೂ ನೋಡಿದ ಮೇಲೆ ಠಾಣೆಯಿದ್ದ ದಿಬ್ಬದ ಮೇಲೆ ನಿಂತು ಪಶ್ಚಿಮಕ್ಕೆ ಮುಖ ಮಾಡಬೇಕು. ಆಗ ತಿಳಿಯುತ್ತದೆ, ಈ ಕದನದ ಅರ್ಧ ಕಥೆಯನ್ನು ಈ ಎತ್ತರವೇ ಹೇಳುತ್ತದೆ ಎಂದು.

ಮೊದಲಿಗೆ ಒಂದು ಮೂಲಭೂತ ತಪ್ಪುಕಲ್ಪನೆಯನ್ನು ಬಿಡಿಸಬೇಕು. ಲೋಂಗೇವಾಲಾವನ್ನು ‘ಟ್ಯಾಂಕ್ ಕದನ’ ಎಂದು ಕರೆಯುವುದು ರೂಢಿಯಾಗಿದ್ದರೂ ಇಲ್ಲಿ ಆ ರಾತ್ರಿ ಟ್ಯಾಂಕಿಗೆ ಟ್ಯಾಂಕು ಎದುರಾಗಲೇ ಇಲ್ಲ. ಠಾಣೆಯಲ್ಲಿ ಭಾರತದ ಒಂದು ಟ್ಯಾಂಕೂ ಇರಲಿಲ್ಲ. ಇದ್ದುದು 23ನೇ ಪಂಜಾಬ್ ಬೆಟಾಲಿಯನ್ನಿನ ಎ ಕಂಪನಿಯ ಸುಮಾರು 120 ಸೈನಿಕರು, ಒಂಟೆಗಳೊಂದಿಗೆ ಗಡಿ ಭದ್ರತಾ ಪಡೆಯ ಕೆಲವರು, ಒಂದೆರಡು ಮಧ್ಯಮ ಮೆಷಿನ್‌ಗನ್, 81 ಮಿಲಿಮೀಟರ್ ಮಾರ್ಟರ್‌ಗಳು ಮತ್ತು ಜೀಪಿನ ಮೇಲಿನ 106 ಮಿಲಿಮೀಟರ್ ಆರ್.ಸಿ.ಎಲ್. ತೋಪು. ನಾಯಕರು ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ, ಆಗ 31 ವರ್ಷ. ಎದುರಿಗೆ ಬಂದದ್ದು ಪಾಕಿಸ್ತಾನದ 51ನೇ ಪದಾತಿ ಬ್ರಿಗೇಡ್, ಅದರೊಂದಿಗೆ 22ನೇ ಕ್ಯಾವಲ್ರಿ ಎಂಬ ಟ್ಯಾಂಕ್ ದಳದ ಟೈಪ್ 59 ಟ್ಯಾಂಕುಗಳು ಮತ್ತು 38ನೇ ಕ್ಯಾವಲ್ರಿಯ ಶರ್ಮನ್‌ಗಳು: ಒಟ್ಟು 40ಕ್ಕೂ ಹೆಚ್ಚು ಟ್ಯಾಂಕುಗಳು, 2,000ಕ್ಕೂ ಹೆಚ್ಚು ಸೈನಿಕರು. ಈ ಅಂಕಿಗಳನ್ನು ಕೇಳಿದ ಕೂಡಲೇ ಆ 2,000 ಜನರೂ ಒಟ್ಟಿಗೆ ಠಾಣೆಯನ್ನು ಮುತ್ತಿದರೆಂಬ ಚಿತ್ರ ಮನಸ್ಸಿಗೆ ಬರುತ್ತದೆ. ಅದು ಸರಿಯಲ್ಲ. ವಾಹನಗಳು ಮರಳಿನಲ್ಲಿ ಹೂತು, ಎಂಜಿನ್‌ಗಳು ಕಾದು, ಸಾಲು ಉದ್ದಕ್ಕೆ ಎಳೆದುಕೊಂಡಿತ್ತು. ಮುಂದಿನ ತುದಿ ಮಾತ್ರ ಠಾಣೆಯನ್ನು ತಲುಪಿತ್ತು.

ರಾತ್ರಿ ನಡೆದದ್ದು ಏನು? ಗಡಿಕಂಬ 638ರ ಬಳಿ ಗಸ್ತಿನಲ್ಲಿದ್ದ ಯುವ ಅಧಿಕಾರಿ ಧರಮ್‌ವೀರ್ ಅವರಿಗೆ ಗಡಿಯಾಚೆಯಿಂದ ಟ್ಯಾಂಕುಗಳ ಸದ್ದು ಕೇಳಿಸಿತು. ಹುಣ್ಣಿಮೆ ಕಳೆದು ಎರಡು ಮೂರು ದಿನವಾಗಿತ್ತಷ್ಟೇ; ಬೆಳದಿಂಗಳಿತ್ತು. ಚಾಂದ್‌ಪುರಿ ಬೆಟಾಲಿಯನ್ನಿನ ಮುಖ್ಯ ಠಾಣೆಯಾದ ಸಾಧೇವಾಲಾಕ್ಕೆ ಸುದ್ದಿ ಮುಟ್ಟಿಸಿ ನೆರವು ಕೇಳಿದರು. ಕೂಡಲೇ ನೆರವು ಕಳುಹಿಸುವುದು ಸಾಧ್ಯವಿಲ್ಲವೆಂದೂ, ನಿಂತು ಕಾದಾಡುವುದೋ ರಾಮ್‌ಗಢಕ್ಕೆ ಹಿಂದೆ ಸರಿಯುವುದೋ ಅವರ ವಿವೇಚನೆಗೆ ಬಿಟ್ಟದ್ದೆಂದೂ ಉತ್ತರ ಬಂತು. ಅವರು ನಿಲ್ಲುವುದನ್ನು ಆರಿಸಿಕೊಂಡರು. ಸಿನಿಮಾ ಇದನ್ನು ದೊಡ್ಡ ಸಂಭಾಷಣೆಗಳಲ್ಲಿ ತೋರಿಸುತ್ತದೆ. ಆದರೆ ಈ ದಿಬ್ಬದ ಮೇಲೆ ನಿಂತವರಿಗೆ ಆ ನಿರ್ಧಾರದ ಹಿಂದಿನ ಲೆಕ್ಕಾಚಾರವೂ ಕಾಣುತ್ತದೆ. ವಾಹನಗಳಿಲ್ಲದ 120 ಜನ ಬಯಲಿನಲ್ಲಿ ನಡೆದು ಹಿಂದೆ ಸರಿಯುತ್ತಿರುವಾಗ ಟ್ಯಾಂಕುಗಳು ಬೆನ್ನಟ್ಟಿ ಹಿಡಿದಿದ್ದರೆ ಯಾರೂ ಉಳಿಯುತ್ತಿರಲಿಲ್ಲ. ದಿಬ್ಬ, ಬಂಕರು ಮತ್ತು ಮುಳ್ಳುತಂತಿಯ ಹಿಂದೆ ಅವರಿಗೆ ಕನಿಷ್ಠ ಒಂದು ಅವಕಾಶವಿತ್ತು. ಧೈರ್ಯ ಮತ್ತು ವಿವೇಕ ಎರಡೂ ಒಂದೇ ದಾರಿಯನ್ನು ತೋರಿಸಿದ ಅಪರೂಪದ ಗಳಿಗೆ ಅದು. ಆ ವಿವೇಕವನ್ನು ಬಿಟ್ಟು ಧೈರ್ಯವನ್ನಷ್ಟೇ ಹೊಗಳಿದರೆ ಒಬ್ಬ ಸಮರ್ಥ ಸೇನಾನಾಯಕನನ್ನು ಬರೀ ಹುಂಬನನ್ನಾಗಿ ಚಿತ್ರಿಸಿದಂತಾಗುತ್ತದೆ.

ಮಧ್ಯರಾತ್ರಿಯ ನಂತರ ಗಡಿಯಾಚೆಯ ತೋಪುಗಳು ಗುಂಡು ಸುರಿಸಿದವು. ಠಾಣೆಯ ಒಂಟೆಗಳಲ್ಲಿ ಕೆಲವು ಸತ್ತವು. ಟ್ಯಾಂಕುಗಳು ಹತ್ತಿರ ಬರುವವರೆಗೆ ಭಾರತೀಯರು ಗುಂಡು ಹಾರಿಸದೆ ಕಾದರು. ಟ್ಯಾಂಕಿನ ಉಕ್ಕಿನ ಕವಚ ಎದುರಿನಲ್ಲಿ ಬಹಳ ದಪ್ಪ, ನೆತ್ತಿಯಲ್ಲಿ ತೆಳು. ಕೆಳಗಿನ ಮರಳಿನಲ್ಲಿ ಸಿಕ್ಕಿಕೊಂಡ ಟ್ಯಾಂಕಿನ ಆ ತೆಳುವಾದ ಭಾಗ ದಿಬ್ಬದ ಮೇಲಿನ ಆರ್.ಸಿ.ಎಲ್. ತೋಪಿಗೆ ಸಿಕ್ಕಿತು. ದೂರದ ಪಯಣಕ್ಕೆಂದು ಟ್ಯಾಂಕುಗಳು ಹೊತ್ತುಬಂದಿದ್ದ ಹೆಚ್ಚುವರಿ ಇಂಧನದ ಪೀಪಾಯಿಗಳು ಹೊತ್ತಿಕೊಂಡಾಗ, ಆ ಬೆಂಕಿಯ ಬೆಳಕು ಮೇಲಿದ್ದವರಿಗೆ ಗುರಿ ತೋರಿಸಿತು, ಹೊಗೆ ಕೆಳಗಿದ್ದವರ ಕಣ್ಣು ಕಟ್ಟಿತು. ಅಷ್ಟರಲ್ಲಿ ಮುನ್ನುಗ್ಗುತ್ತಿದ್ದ ಪದಾತಿಗಳಿಗೆ ಕತ್ತಲಲ್ಲಿ ಕಾಣದಿದ್ದ ಮುಳ್ಳುತಂತಿ ಅಡ್ಡ ಬಂತು. ತಂತಿ ಇದ್ದಲ್ಲಿ ನೆಲಬಾಂಬು ಇರುತ್ತದೆಂಬುದು ಯಾವುದೇ ಸೈನಿಕನ ಊಹೆ. ದಾಳಿ ನಿಂತಿತು, ಬಾಂಬು ಹುಡುಕುವವರನ್ನು ಹಿಂದಿನಿಂದ ಕರೆಸಿ ಪರೀಕ್ಷಿಸುವುದರಲ್ಲಿ ಸುಮಾರು ಎರಡು ಗಂಟೆ ಕಳೆದುಹೋಯಿತು ಎಂದು ಬಹುತೇಕ ವಿವರಗಳು ಹೇಳುತ್ತವೆ.

ನನ್ನ ದೃಷ್ಟಿಯಲ್ಲಿ ಇಡೀ ಕದನದ ಕೇಂದ್ರ ಆ ಎರಡು ಗಂಟೆಗಳೇ. ಸ್ಮಾರಕಕ್ಕೆ ಬಂದವರು ಜೀಪಿನ ಮೇಲಿನ ತೋಪಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಟ್ಯಾಂಕಿನ ಮೇಲೆ ಕೈಯಿಟ್ಟು ನೋಡುತ್ತಾರೆ. ತಂತಿಯ ಬಳಿ ಯಾರೂ ನಿಲ್ಲುವುದಿಲ್ಲ. ಆದರೆ ಆ ರಾತ್ರಿ ಠಾಣೆ ಗಳಿಸಬೇಕಾಗಿದ್ದುದು ಟ್ಯಾಂಕುಗಳ ಲೆಕ್ಕವನ್ನಲ್ಲ, ಬೆಳಕು ಹರಿಯುವವರೆಗಿನ ಸಮಯವನ್ನು.

ಏಕೆಂದರೆ ಜೈಸಲ್ಮೇರ್ ವಾಯುನೆಲೆಯಲ್ಲಿದ್ದ ಬೆರಳೆಣಿಕೆಯ ಹಂಟರ್‌ಗಳಲ್ಲಿ ಕತ್ತಲಲ್ಲಿ ನೆಲದ ಗುರಿಯನ್ನು ಕಾಣುವ ಸಾಧನವಿರಲಿಲ್ಲ. ವಿಮಾನಗಳು ತಡವಾಗಿ ಬಂದವು ಎಂಬ ದೂರಿಗೆ ಇದೇ ಉತ್ತರ. ಅವು ಬೆಳಕಿನೊಂದಿಗೆ ಬಂದವು. ಬಂದಾಗ ಕಂಡದ್ದು ಮರೆಯೇ ಇಲ್ಲದ ಬಯಲಿನಲ್ಲಿ ಚದುರಿ ನಿಂತ ಟ್ಯಾಂಕುಗಳು, ಮೇಲೆ ಒಂದೂ ಪಾಕಿಸ್ತಾನಿ ವಿಮಾನವಿಲ್ಲದ ಆಕಾಶ. ಇಷ್ಟು ದೊಡ್ಡ ದಾಳಿಯನ್ನು ವಾಯುರಕ್ಷಣೆಯಿಲ್ಲದೆ ಕಳುಹಿಸಿದ್ದು ಆ ಯೋಜನೆಯ ಅತಿ ದೊಡ್ಡ ದೋಷ. ಟ್ಯಾಂಕಿನ ಮೇಲಿನ ಮೆಷಿನ್‌ಗನ್ ಬಿಟ್ಟರೆ ಅವರಿಗೆ ಬೇರೆ ಆಸರೆಯಿರಲಿಲ್ಲ. ಹಂಟರ್‌ಗಳು ಜೈಸಲ್ಮೇರ್‌ಗೆ ಹೋಗಿ ರಾಕೆಟ್, ಗುಂಡು ತುಂಬಿಕೊಂಡು ದಿನವಿಡೀ ಮತ್ತೆ ಮತ್ತೆ ಬಂದವು. ವಾಯುಪಡೆ ತೆಗೆದ ಪ್ರಸಿದ್ಧ ಚಿತ್ರವೊಂದರಲ್ಲಿ ಮರಳಿನ ಮೇಲೆ ಟ್ಯಾಂಕಿನ ಹಳಿಗಳ ಗುರುತು ಸುತ್ತುಸುತ್ತಾಗಿ, ತಿರುಚಿ ತಿರುಚಿ ಸಾಗಿ ಒಂದು ಕಡೆ ಕೊನೆಗೊಳ್ಳುವುದು ಕಾಣುತ್ತದೆ. ಮೇಲಿನ ವಿಮಾನದಿಂದ ತಪ್ಪಿಸಿಕೊಳ್ಳಲು ಆ ಚಾಲಕ ಮಾಡಿದ ಪ್ರಯತ್ನದ ದಾಖಲೆ ಅದು. ಅದರೊಳಗೆ ನಾಲ್ವರಿದ್ದರು ಎಂಬುದನ್ನು ಚಿತ್ರ ನೋಡುವಾಗ ಮರೆಯಲಾಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ದಾಳಿ ಮುರಿದುಬಿದ್ದಿತ್ತು. 20ನೇ ಲಾನ್ಸರ್ಸ್‌ನ ಎಎಮ್‌ಎಕ್ಸ್ ಟ್ಯಾಂಕುಗಳೂ 17ನೇ ರಾಜಪುತಾನಾ ರೈಫಲ್ಸ್‌ನ ಪದಾತಿಗಳೂ ನೆರವಿಗೆ ಬಂದವು.

ಈ ಹಂಟರ್‌ಗಳಿಗೆ ಗುರಿ ತೋರಿಸಿದ್ದು ಯಾರು ಎಂಬುದನ್ನು ಓದಿ ಹೇಳಿದಾಗ ಚಿಕ್ಕಪ್ಪನ ಮುಖ ಅರಳಿತು. ಮೇಜರ್ ಆತ್ಮಾ ಸಿಂಗ್ ಎಂಬ ಸೇನಾಧಿಕಾರಿ ಒಂದು ಪುಟ್ಟ ಕೃಷಕ್ ವಿಮಾನದಲ್ಲಿ ಕದನದ ಮೇಲೆ ಹಾರುತ್ತ, ಟ್ಯಾಂಕುಗಳು ಎಲ್ಲಿವೆಯೆಂದು ರೇಡಿಯೊದಲ್ಲಿ ಹಂಟರ್ ಚಾಲಕರಿಗೆ ಹೇಳುತ್ತಿದ್ದರು. ಶಸ್ತ್ರವಿಲ್ಲದ, ನಿಧಾನವಾದ ವಿಮಾನ ಅದು. 1959ರಲ್ಲಿ ಮೊದಲು ಹಾರಿದ ಕೃಷಕ್ ಬೆಂಗಳೂರಿನ ಎಚ್‌.ಎ.ಎಲ್‌.ನಲ್ಲಿ ವಿನ್ಯಾಸಗೊಂಡು ತಯಾರಾದದ್ದು. “ಕೃಷಕ್ ಇಲ್ಲಿತ್ತೆಂದು ನಮಗೆ ಯಾರೂ ಹೇಳಲೇ ಇಲ್ಲವಲ್ಲಮ್ಮ” ಎಂದು ಅವರು ಆ ದಿನ ಹಲವು ಬಾರಿ ಹೇಳಿದರು.

ಟ್ಯಾಂಕುಗಳ ಲೆಕ್ಕದ ವಿಷಯಕ್ಕೆ ಬರೋಣ. ನಾಶವಾದ ಅಥವಾ ಸೆರೆಸಿಕ್ಕ ಟ್ಯಾಂಕುಗಳು 34, 36, 37 ಎಂದು ಬೇರೆ ಬೇರೆ ಕಡೆ ಬೇರೆ ಬೇರೆ ಸಂಖ್ಯೆ ಓದಲು ಸಿಗುತ್ತದೆ. ಅವುಗಳಲ್ಲಿ 12ನ್ನು ಠಾಣೆಯವರೇ ಕೆಡವಿದರೆಂಬ ಎಣಿಕೆಯೂ ಇದೆ. ಸಂಖ್ಯೆಗಳು ಹೊಂದದಿರುವುದಕ್ಕೆ ಯಾರೂ ಸುಳ್ಳು ಹೇಳಿರಬೇಕಾಗಿಲ್ಲ. ರಾತ್ರಿ ಚಕ್ರ ಕಳಚಿ ನಿಂತ ಟ್ಯಾಂಕನ್ನು ಬೆಳಿಗ್ಗೆ ಹಂಟರ್ ಮತ್ತೆ ಹೊಡೆದರೆ ಅದು ಎರಡು ಲೆಕ್ಕಗಳಲ್ಲೂ ಸೇರುತ್ತದೆ. ಮರಳಿನಲ್ಲಿ ಹೂತು ಸಿಬ್ಬಂದಿ ಬಿಟ್ಟುಹೋದದ್ದು ಕೆಲವರಿಗೆ ‘ನಾಶ’, ಕೆಲವರಿಗೆ ‘ವಶ’. ಭಾರತದ ಕಡೆ ಪ್ರಾಣ ಕೊಟ್ಟವರು ಇಬ್ಬರು ಎಂದು ದಾಖಲೆಗಳು ಸಾಮಾನ್ಯವಾಗಿ ಹೇಳುತ್ತವೆ. ಪಾಕಿಸ್ತಾನದ ಕಡೆ ಸುಮಾರು 200. ಠಾಣೆ ಬಹುಪಾಲು ಬರಿದಾದಂತೆ ಚಿತ್ರದಲ್ಲಿ ತೋರಿಸಿರುವುದಕ್ಕೂ ನಡೆದದ್ದಕ್ಕೂ ಇರುವ ಅಂತರ ಇಷ್ಟು ದೊಡ್ಡದು.

ಈ ಅಂತರದಿಂದ ಯಾರಿಗೂ ನಷ್ಟವಿಲ್ಲವೆಂದು ಹೇಳುವವರಿಗೆ ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ರಾಠೋಡ್ ಅವರ ವಿಷಯ ಹೇಳಬೇಕು. ಆ ರಾತ್ರಿ ಲಘು ಮೆಷಿನ್‌ಗನ್ ಹಿಡಿದು ಕಾದಿದ ಅವರಿಗೆ 1972ರಲ್ಲಿ ಸೇನಾ ಪದಕ ಬಂತು. ಚಿತ್ರದಲ್ಲಿ ಅವರ ಹೆಸರಿನ ಪಾತ್ರ ವೀರಮರಣ ಹೊಂದುತ್ತದೆ. ನಿಜದ ಭೈರೋನ್ ಸಿಂಗ್ ಸೇವೆಯಿಂದ ನಿವೃತ್ತರಾಗಿ, ಜೋಧ್‌ಪುರ ಜಿಲ್ಲೆಯ ತಮ್ಮ ಹಳ್ಳಿಯಲ್ಲಿ ಬಾಳಿ, 2022ರ ಡಿಸೆಂಬರ್ 19ರಂದು ತೀರಿಕೊಂಡರು. ಚಿತ್ರ ಬಂದ ಮೇಲೆ 25 ವರ್ಷ ಅವರು ನಮ್ಮ ನಡುವೆಯೇ ಇದ್ದರು. ಅವರನ್ನು ಹುತಾತ್ಮರೆಂದು ಸ್ಮರಿಸುತ್ತಿದ್ದ ದೇಶದ ಬಹುಪಾಲು ಜನರಿಗೆ ಅವರನ್ನು ಹೋಗಿ ಕಂಡು ಮಾತನಾಡಿಸಬಹುದು ಎಂಬುದೇ ಗೊತ್ತಿರಲಿಲ್ಲ. ಇತಿಹಾಸದ ಅಧ್ಯಾಪಕಿಯಾಗಿ ಇದನ್ನು ನೆನೆದಾಗ ನನಗೆ ತೀವ್ರ ಸಂಕಟವಾಗುತ್ತದೆ. ಎಷ್ಟು ಪ್ರಶ್ನೆಗಳಿಗೆ ಅವರು ಉತ್ತರ ಹೇಳಬಹುದಿತ್ತು!

ಶ್ರೇಯಸ್ಸು ಸೇನೆಗೋ ವಾಯುಪಡೆಗೋ ಎಂಬ ವಿವಾದವೂ ನಿವೃತ್ತ ಅಧಿಕಾರಿಗಳ ನಡುವೆ ಬಹಳ ಕಾಲ ನಡೆಯಿತು. ಮಹಾವೀರ ಚಕ್ರ ಪಡೆದು, ಬ್ರಿಗೇಡಿಯರ್ ಆಗಿ ನಿವೃತ್ತರಾದ ಚಾಂದ್‌ಪುರಿಯವರು 2018ರ ನವೆಂಬರ್‌ನಲ್ಲಿ ನಿಧನರಾಗುವವರೆಗೂ ಆ ನೋವು ಅವರ ಬೆನ್ನು ಬಿಡಲಿಲ್ಲ. ದಿಬ್ಬದ ಮೇಲೆ ನಿಂತು ಯೋಚಿಸಿದರೆ ಆ ಪ್ರಶ್ನೆಯನ್ನೇ ತಪ್ಪಾಗಿ ಕೇಳಲಾಗಿದೆ ಅನ್ನಿಸುತ್ತದೆ. ಟ್ಯಾಂಕುಗಳಲ್ಲಿ ಹೆಚ್ಚಿನವನ್ನು ವಿಮಾನಗಳು ಒಡೆದವು ಎಂಬುದು ಖಚಿತ. ಆದರೆ ಠಾಣೆ ರಾತ್ರಿಯೇ ಬಿದ್ದಿದ್ದರೆ ಅಥವಾ ಖಾಲಿಯಾಗಿದ್ದರೆ, ಬೆಳಗಾಗುವಷ್ಟರಲ್ಲಿ ಆ ಸಾಲು ರಾಮ್‌ಗಢದ ರಸ್ತೆ ಹಿಡಿದಿರುತ್ತಿತ್ತು. ಹಂಟರ್‌ಗಳಿಗೆ ಹೀಗೆ ಒಂದೇ ಕಡೆ ಸಿಕ್ಕಿಬಿದ್ದ ಗುರಿ ದೊರಕುತ್ತಿರಲಿಲ್ಲ. ಹಂಟರ್‌ಗಳು ಬಾರದಿದ್ದರೆ ಒಂದು ಆರ್.ಸಿ.ಎಲ್. ತೋಪಿನ ಗುಂಡುಗಳು ಮುಗಿದ ಮೇಲೆ ಠಾಣೆಯೂ ಉಳಿಯುತ್ತಿರಲಿಲ್ಲ. ಒಂದು ಇನ್ನೊಂದನ್ನು ಸಾಧ್ಯವಾಗಿಸಿತು. ಪಾಲು ಹಂಚಲು ಹೋದವರು ಕದನವನ್ನೇ ಎರಡಾಗಿ ಕತ್ತರಿಸುತ್ತಾರೆ.

ಗೆಲುವಿನ ಕಥನದಲ್ಲಿ ಸಾಮಾನ್ಯವಾಗಿ ಬಾರದ ಇನ್ನೊಂದು ಸಂಗತಿಯಿದೆ. ಮುರಿದು ಹಿಂದೆ ಸರಿಯುತ್ತಿದ್ದ ಆ ಬ್ರಿಗೇಡನ್ನು 12ನೇ ಡಿವಿಷನ್ ವೇಗವಾಗಿ ಬೆನ್ನಟ್ಟಲಿಲ್ಲ. ರಹೀಮ್‌ಯಾರ್ ಖಾನ್ ಕಡೆಗಿನ ತನ್ನ ಮುನ್ನಡೆಯನ್ನೂ ಕೈಬಿಟ್ಟಿತು. ಠಾಣೆಯ 120 ಜನ ಮತ್ತು ಕೆಲವು ವಿಮಾನಚಾಲಕರು ಗಳಿಸಿಕೊಟ್ಟ ಅವಕಾಶ ಪೂರ್ತಿ ಬಳಕೆಯಾಗಲಿಲ್ಲ ಎಂದು ಹೇಳುವುದು ಅವರಿಗೆ ಮಾಡುವ ಅವಮಾನವಲ್ಲ.

ಬುಧವಾರ: ಬಾಡ್ಮೇರ್ ದಾರಿ

ಜೈಸಲ್ಮೇರ್‌ಗೆ ಮರಳಿ, ಅಲ್ಲಿಂದ ದಕ್ಷಿಣಕ್ಕೆ ಶಿವ್ ಮೂಲಕ ಬಾಡ್ಮೇರ್‌ಗೆ ಬಂದೆವು. ಊರಿನ ಸಮೀಪದಲ್ಲಿರುವ ಉತ್ತರ್‌ಲಾಯಿ ವಾಯುನೆಲೆ ಇಂದಿಗೂ ಬಳಕೆಯಲ್ಲಿದೆ, ಸಾರ್ವಜನಿಕರಿಗೆ ಪ್ರವೇಶವಿಲ್ಲ. ಆ ದಾರಿಯಲ್ಲಿ ಸಾಗುವಾಗ ಚಿಕ್ಕಪ್ಪನೊಂದಿಗೆ ಮಾರುತ್‌ನ ವಿಷಯ ಮಾತಾಡಿದೆ.

ಮಾರುತ್‌ನ ಕಥೆಗೆ ಉತ್ಪ್ರೇಕ್ಷೆಯ ಅಗತ್ಯವೇ ಇಲ್ಲ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು, 1961ರ ಜೂನ್ 17ರಂದು ಸುರಂಜನ್ ದಾಸ್ ಅವರ ಕೈಯಲ್ಲಿ ಮೊದಲು ಹಾರಿದ ವಿಮಾನ ಅದು. ಅದಕ್ಕೆ ತಕ್ಕ ಶಕ್ತಿಯ ಎಂಜಿನ್ ಕೊನೆಗೂ ಸಿಗಲಿಲ್ಲ. ಹೊಸ ಎಂಜಿನ್ ವ್ಯವಸ್ಥೆಯ ಪರೀಕ್ಷೆಯಲ್ಲಿ 1970ರಲ್ಲಿ ಸುರಂಜನ್ ದಾಸ್ ಪ್ರಾಣ ಕಳೆದುಕೊಂಡರು. ಬೆಂಗಳೂರಿನ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ. ಒಟ್ಟು 147 ಮಾರುತ್‌ಗಳು ತಯಾರಾದವು. 1971ರಲ್ಲಿ ವಾಯುಪಡೆಯ 10 ಮತ್ತು 220ನೇ ಸ್ಕ್ವಾಡ್ರನ್‌ಗಳು ಅವುಗಳನ್ನು ಈ ಬಾಡ್ಮೇರ್ ವಲಯದಲ್ಲಿ, ಗಡಿಯಾಚೆಯ ನಯಾ ಛೋರ್‌ನತ್ತ ಸಾಗಿದ ನಮ್ಮ ಸೇನೆಯ ಬೆಂಬಲಕ್ಕೆ ಹಾರಿಸಿದವು. ಲೋಂಗೇವಾಲಾ ಕಡೆಗೂ ಮಾರುತ್‌ಗಳು ಹಾರಿದ್ದನ್ನು ಹೇಳುವ ವಿವರಗಳಿವೆ. ಆದರೆ ಅಲ್ಲಿ ಟ್ಯಾಂಕು ನಾಶದ ಬಹುಪಾಲು ಹಂಟರ್‌ಗಳದ್ದೇ. ಇಡೀ ಯುದ್ಧದಲ್ಲಿ ಆಕಾಶದ ಕಾದಾಟದಲ್ಲಿ ಒಂದು ಮಾರುತ್ ಕೂಡ ಶತ್ರುವಿಮಾನಕ್ಕೆ ಬಲಿಯಾಗಲಿಲ್ಲ. ಒಂದು ಎಂಜಿನ್ ಕೆಟ್ಟಾಗ ಇನ್ನೊಂದರ ಬಲದಿಂದ ನೆಲೆಗೆ ಮರಳಿದ ಮಾರುತ್‌ಗಳೂ ಇದ್ದವು.

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎರಡು ಎಂಜಿನ್‌ಗಳ ವಿಷಯಕ್ಕೆ ಬಂದು, ಅವನ್ನು ಕೂರಿಸುವಾಗ ಎಷ್ಟು ಎಚ್ಚರ ಬೇಕಾಗುತ್ತಿತ್ತು, ಎಷ್ಟು ಬಾರಿ ಬಿಚ್ಚಿ ಮತ್ತೆ ಜೋಡಿಸಿ ನೋಡುತ್ತಿದ್ದರು ಎಂಬುದನ್ನೆಲ್ಲ ವಿವರವಾಗಿ ಹೇಳಿದರು. ನನಗೆ ಗೊತ್ತಿದ್ದ ಚಿಕ್ಕಪ್ಪ ಇಷ್ಟು ವರ್ಷ ಭಾಷಣದಲ್ಲಿ ಈ ಮಾತುಗಳನ್ನು ಒಮ್ಮೆಯೂ ಹೇಳಿರಲಿಲ್ಲ. ಲೋಂಗೇವಾಲಾದ ಹೆಸರೊಂದೇ ಸಾಕೆಂದು ಭಾವಿಸಿದ್ದರು.

ಬಾಡ್ಮೇರ್‌ನಲ್ಲಿ ರಾತ್ರಿ ಊಟವಾದ ಮೇಲೆ ಅವರು ಕನ್ನಡಕ ಹಾಕಿಕೊಂಡು, ಜನವರಿ 26ರ ಭಾಷಣದ ಹಾಳೆಗಳನ್ನು ಹೊರತೆಗೆದರು. “ನಯಾ ಛೋರ್ ಎನ್ನುವುದನ್ನು ಸರಿಯಾಗಿ ಬರೆದುಕೊಡಮ್ಮ. ಹಂಟರ್‌ನ ಹೆಸರು ಮೊದಲು ಹಾಕುತ್ತೇನೆ, ಆ ಮೇಜರ್ ಹಾರಿಸಿದ ಕೃಷಕ್‌ನದು ಆಮೇಲೆ. ಮಕ್ಕಳು ಕೃಷಕ್ ಎಲ್ಲಿ ನೋಡಲು ಸಿಗುತ್ತದೆಂದು ಕೇಳಿದರೆ ಏನು ಹೇಳಲಿ?” ಎಂದರು. ಬೆಂಗಳೂರಿಗೆ ಮರಳಿದ ಮೇಲೆ ಹಳೆಯ ವಿಮಾನ ನಿಲ್ದಾಣ ರಸ್ತೆಯ ಎಚ್‌.ಎ.ಎಲ್‌. ವಸ್ತುಸಂಗ್ರಹಾಲಯದಲ್ಲಿ ವಿಚಾರಿಸೋಣವೆಂದು ಹೇಳಿ, ಆ ಹಾಳೆಯ ಅಂಚಿನಲ್ಲಿ ಮೂರು ಹೆಸರುಗಳನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟೆ.